ಮಾಡಿಫೈ ಮಾಡಿಸಿದ ಪಿಕಪ್‌ಗೆ ಡೀಸೆಲ್ ಸರಿಯಾಗಿ ಬರುತ್ತಿಲ್ಲವಾ? ಟ್ಯಾಂಕ್ ಕಡೆಯಿಂದ ಹುಡುಕಿ

ಪಿಕಪ್ ಎಳೆಯುತ್ತಿಲ್ಲ ಅಂದ ಕೂಡಲೇ ಗ್ಯಾರೇಜ್‌ನಲ್ಲಿ ಕೇಳುವ ಮೊದಲ ಮಾತು "ನಾಜಲ್ ಹೋಗಿರಬೇಕು". ನಾಜಲ್ ಅಂದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್. ಹೋಗಿರಲೂಬಹುದು. ಆದರೆ ಪಂಪು, ನಾಜಲ್ಲು ಎರಡೂ ಡೀಸೆಲ್ ಲೈನಿನ ಕೊನೆಯಲ್ಲಿ ಬರುವ ಸಾಮಾನುಗಳು, ಮತ್ತೆ ಎಲ್ಲಕ್ಕಿಂತ ದುಬಾರಿ. ಅವುಗಳ ಹಿಂದೆ ಟ್ಯಾಂಕ್ ಇದೆ, ಜಾಲರಿ ಇದೆ, ಉದ್ದದ ಪೈಪ್ ಇದೆ, ಫಿಲ್ಟರ್ ಇದೆ. ಮಾಡಿಫೈ ಮಾಡಿಸಿದ ಗಾಡಿಯಾದರೆ ಇವುಗಳ ನಡುವೆ ಯಾರೋ ಸೇರಿಸಿದ ಇನ್ನೂ ಮೂರ್ನಾಲ್ಕು ಸಾಮಾನು ಇರುತ್ತವೆ. ಅದಕ್ಕೇ ಹುಡುಕಾಟ ಹಿಂದಿನಿಂದ ಶುರುವಾಗಬೇಕು.

ನಮ್ಮ ಕಡೆ ಮಾಡಿಫೈ ಅಂದರೆ ಸಾಮಾನ್ಯವಾಗಿ ಇಷ್ಟು. ರೀಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಫೈಲ್ ಬದಲಾಯಿಸುವುದು) ಅಥವಾ ಶಕ್ತಿ ಏರಿಸುವ ಟ್ಯೂನಿಂಗ್ ಬಾಕ್ಸ್, ಕೆಲವರದು ದೊಡ್ಡ ಟರ್ಬೊ. ದೂರದ ಬಾಡಿಗೆ ಓಡುವವರು ಎರಡನೇ ಟ್ಯಾಂಕ್ ಕೂರಿಸಿರುತ್ತಾರೆ. ತೋರಣಗಲ್ಲು, ಸಂಡೂರು ಕಡೆ ಅದಿರು ಗಣಿಯ ಕೆಂಪು ಧೂಳಿನಲ್ಲಿ ಓಡುವವರು ಇನ್ನೊಂದು ಫಿಲ್ಟರ್ ಹಾಕಿಸಿರುತ್ತಾರೆ. ಕಾರಟಗಿ, ಗಂಗಾವತಿ, ಸಿಂಧನೂರು ಕಡೆ ಭತ್ತದ ಚೀಲ ಹೊರುವ ಗಾಡಿಗೆ ಪಟ್ಟಿ ಏರಿಸಿ, ಬಾಡಿ ಉದ್ದ ಮಾಡಿಸಿ, ಆ ಗಡಿಬಿಡಿಯಲ್ಲಿ ಡೀಸೆಲ್ ಪೈಪ್ ಎಲ್ಲೋ ಮಡಚಿ ಸೈಲೆನ್ಸರ್ ಪಕ್ಕ ಕಟ್ಟಿರುತ್ತಾರೆ. ಗಾಡಿ ಇಂಥದ್ದೇ ಆಗಬೇಕು ಅಂತ ಇಲ್ಲ. ಬೊಲೆರೊ ಪಿಕಪ್ ಇರಲಿ, ಕ್ಸೆನಾನ್ ಇರಲಿ, ಡಿ-ಮ್ಯಾಕ್ಸ್ ಇರಲಿ, ನೋಡುವ ಕ್ರಮ ಒಂದೇ. ಹಳೆಯ ಟಾಟಾ 207 ಥರದ ಮೆಕ್ಯಾನಿಕಲ್ ಪಂಪ್ ಗಾಡಿಗಳದು ಮಾತ್ರ ಸ್ವಲ್ಪ ಬೇರೆ. ಅದನ್ನು ಕೊನೆಯ ಹತ್ತಿರ ಹೇಳುತ್ತೇನೆ.

ಕೈ ಹಾಕುವ ಮೊದಲು ಒಂದು ಮಾತು

ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಹೈ ಪ್ರೆಶರ್ ಡೀಸೆಲ್ ಒಂದೇ ಪೈಪ್‌ನಲ್ಲಿ (ರೈಲ್) ತುಂಬಿ ಅಲ್ಲಿಂದ ಎಲ್ಲ ಇಂಜೆಕ್ಟರ್‌ಗೂ ಹೋಗುವ ಗಾಡಿಯಲ್ಲಿ, ಪಂಪ್‌ನಿಂದ ರೈಲ್‌ಗೆ, ರೈಲ್‌ನಿಂದ ಇಂಜೆಕ್ಟರ್‌ಗೆ ಹೋಗುವ ಸ್ಟೀಲ್ ಪೈಪ್‌ಗಳ ನಟ್ಟನ್ನು ಇಂಜಿನ್ ಓಡುವಾಗ ಯಾವ ಕಾರಣಕ್ಕೂ ಸಡಿಲ ಮಾಡಬೇಡಿ. ಅಲ್ಲಿ 1000 ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಜಾಸ್ತಿ ಒತ್ತಡ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ 1600 ಬಾರ್‌ವರೆಗೆ ಹೋಗುತ್ತದೆ. ಕೂದಲೆಳೆಯಷ್ಟು ಸಂದಿಯಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಅಷ್ಟಾಗಿ ಇರುವುದಿಲ್ಲ, ಆದರೆ ತಡಮಾಡಿದರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ. ನೇರ ದೊಡ್ಡಾಸ್ಪತ್ರೆಗೆ ಹೋಗಿ, ಹೈ ಪ್ರೆಶರ್ ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಲೀಕ್ ಹುಡುಕುವುದಕ್ಕೆ ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಇಂಜಿನ್ ಆಫ್ ಮಾಡಿದ ಮೇಲೂ ರೈಲ್‌ನಲ್ಲಿ ಸ್ವಲ್ಪ ಹೊತ್ತು ಒತ್ತಡ ಉಳಿಯುತ್ತದೆ, ಕಾಯಿರಿ.

ಮೊದಲು ಹೊಗೆ ನೋಡಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಅರ್ಧ ಜನ ಮಾಡುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಗಾಡಿ ಎಳೆಯದೆ ಕಪ್ಪು ಹೊಗೆ ಹಾಕುತ್ತಿದ್ದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಆಗ ನೀವು ನೋಡಬೇಕಾದದ್ದು ಇಂಟರ್‌ಕೂಲರ್ ಹೋಸ್, ಟರ್ಬೊ, ಏರ್ ಫಿಲ್ಟರ್. ಮಾಡಿಫೈ ಗಾಡಿಯಲ್ಲಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಜಾಸ್ತಿ ಇರುವುದರಿಂದ ಹೋಸ್ ಕ್ಲಿಪ್ ಜಾರುವುದು ಬಹಳ ಮಾಮೂಲು. ಸಂಡೂರು ಕಡೆಯ ಗಾಡಿಯಾದರೆ ಏರ್ ಫಿಲ್ಟರ್ ಒಮ್ಮೆ ತೆಗೆದು ಕೊಡವಿ ನೋಡಿ, ಅರ್ಧ ಗಣಿ ಅದರೊಳಗೇ ಇರುತ್ತದೆ.

ಎಳೆಯುತ್ತಿಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ ಕಡಿಮೆ ಬರುತ್ತಿದೆ ಅಂತ ಅನುಮಾನ ಪಡಬಹುದು. ಇಲ್ಲಾ ಇಂಜಿನ್ ಕಂಪ್ಯೂಟರ್ ತಾನೇ ಲಿಂಪ್ ಮೋಡ್‌ಗೆ (ದೋಷ ಕಂಡು ಶಕ್ತಿ ಇಳಿಸುವ ಸ್ಥಿತಿಗೆ) ಹೋಗಿ ಡೀಸೆಲ್ ತಡೆದಿದೆ. ಸೆಲ್ಫ್ ಹೊಡೆದಾಗ ಸೈಲೆನ್ಸರ್‌ನಿಂದ ಬಿಳಿ ಹೊಗೆ, ಅದರಲ್ಲಿ ಹಸಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್, ಕಂಪ್ರೆಷನ್, ಟೈಮಿಂಗ್ ಕಡೆ ಹೋಗಿ. ಎಷ್ಟು ಸೆಲ್ಫ್ ಹೊಡೆದರೂ ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್‌ಗೆ ಮುಟ್ಟುತ್ತಲೇ ಇಲ್ಲ.

ಯಾವಾಗ ಆಗುತ್ತದೆ ಅನ್ನುವುದೂ ಮುಖ್ಯ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೆ ತುಂಬಾ ಹೊತ್ತು ಬೇಕು, ಆಮೇಲೆ ದಿನವಿಡೀ ಚೆನ್ನಾಗಿದೆ ಅಂದರೆ ಎಲ್ಲೋ ಗಾಳಿ ಎಳೆದು ಡೀಸೆಲ್ ಟ್ಯಾಂಕ್‌ಗೆ ವಾಪಸ್ ಇಳಿಯುತ್ತಿದೆ. ಖಾಲಿ ಇದ್ದಾಗ ಸರಿ, ಲೋಡ್ ಹಾಕಿ ಏರು ಹತ್ತುವಾಗ ಸತ್ತ ಹಾಗೆ ಆಗುತ್ತದೆ ಅಂದರೆ ಎಲ್ಲೋ ಕಟ್ಟಿಕೊಂಡಿದೆ. ಇದ್ದಕ್ಕಿದ್ದ ಹಾಗೆ ಶಕ್ತಿ ಹೋಗಿ, ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ ಅಂದರೆ ಅದು ಲಿಂಪ್ ಮೋಡ್, ಕಂಪ್ಯೂಟರ್‌ನಲ್ಲಿರುವ ದೋಷದ ಕೋಡನ್ನು ಸ್ಕ್ಯಾನರ್‌ನಿಂದ ಓದಿಸಲೇಬೇಕು.

ಆಮೇಲೆ ಮಾಡಿಫೈ ಸಾಮಾನು ಬಿಚ್ಚಿ

ಟ್ಯೂನಿಂಗ್ ಬಾಕ್ಸ್ ಇದ್ದರೆ ಮೊದಲು ತೆಗೆಯಿರಿ, ಮೂಲ ಕನೆಕ್ಟರ್ ವಾಪಸ್ ಹಾಕಿ. ಕಾರಣ ಇದೆ. ಈ ಬಾಕ್ಸ್‌ಗಳಲ್ಲಿ ಬಹಳಷ್ಟು ರೈಲ್ ಪ್ರೆಶರ್ ಸೆನ್ಸರ್‌ಗೂ ಕಂಪ್ಯೂಟರ್‌ಗೂ ನಡುವೆ ಕೂತು ಸುಳ್ಳು ಹೇಳುತ್ತವೆ. ಒಳಗೆ 1500 ಬಾರ್ ಇದ್ದರೆ ಕಂಪ್ಯೂಟರ್‌ಗೆ 1350 ಅಂತ ತೋರಿಸುತ್ತವೆ ಅಂದುಕೊಳ್ಳಿ. ಅದು ಪಾಪ ಕಡಿಮೆಯಾಯಿತು ಅಂತ ಇನ್ನಷ್ಟು ಒತ್ತಡ ಏರಿಸುತ್ತದೆ. ಗಾಡಿಗೆ ಎಳೆಯುವ ಶಕ್ತಿ ಜಾಸ್ತಿಯಾಗುವುದು ಹೀಗೆ. ಆದರೆ ಈ ಬಾಕ್ಸ್ ಇರುವ ತನಕ ಸ್ಕ್ಯಾನರ್‌ನಲ್ಲಿ ಕಾಣುವ ಒತ್ತಡವೂ ಸುಳ್ಳೇ. ಆ ಅಂಕಿ ನಂಬಿ ಪಂಪ್ ಬದಲಾಯಿಸಿದವರಿದ್ದಾರೆ.

ಇನ್ನೊಂದು ತೊಂದರೆ. ಕೆಲವು ರೈಲ್‌ಗಳ ತುದಿಯಲ್ಲಿ ಪ್ರೆಶರ್ ಲಿಮಿಟರ್ ವಾಲ್ವ್ ಇರುತ್ತದೆ. ಒತ್ತಡ ಮಿತಿ ಮೀರಿದರೆ ಅದು ತೆರೆದುಕೊಂಡು ಡೀಸೆಲ್ಲನ್ನು ರಿಟರ್ನ್‌ಗೆ, ಅಂದರೆ ಟ್ಯಾಂಕ್‌ಗೆ ವಾಪಸ್ ಹೋಗುವ ಪೈಪ್‌ಗೆ, ಬಿಡುತ್ತದೆ. ಬಾಕ್ಸ್ ಹಾಕಿದ ಗಾಡಿಯಲ್ಲಿ ಅದು ಮತ್ತೆ ಮತ್ತೆ ತೆರೆದು ತೆರೆದು ಕೊನೆಗೆ ಸರಿಯಾಗಿ ಮುಚ್ಚುವುದೇ ಇಲ್ಲ. ಆಮೇಲೆ ಬಾಕ್ಸ್ ತೆಗೆದರೂ ಒತ್ತಡ ನಿಲ್ಲುವುದಿಲ್ಲ. ಆ ವಾಲ್ವ್‌ನ ರಿಟರ್ನ್ ಪೈಪ್ ಬಿಚ್ಚಿ, ಅದರಿಂದ ಡೀಸೆಲ್ ಬರುತ್ತಿದೆಯಾ ಅಂತ ಸೆಲ್ಫ್ ಹೊಡೆಸಿ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಬರಲೇಬಾರದು.

ರೀಮ್ಯಾಪ್ ಆಗಿದ್ದರೆ ಕಂಪನಿ ಫೈಲ್ ವಾಪಸ್ ಹಾಕಿಸಿ ಒಮ್ಮೆ ಓಡಿಸಿ. ಮೂಲ ಫೈಲ್ ಇಟ್ಟುಕೊಳ್ಳದ ಟ್ಯೂನರ್ ಹತ್ತಿರ ಕೆಲಸ ಮಾಡಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಂಪನಿ ಫೈಲ್‌ನಲ್ಲಿ ಚೆನ್ನಾಗಿ ಓಡಿ, ಟ್ಯೂನ್ ಫೈಲ್‌ನಲ್ಲಿ ಮಾತ್ರ ಒತ್ತಡ ಬೀಳುತ್ತಿದ್ದರೆ ಯಾವ ಸಾಮಾನೂ ಹೋಗಿಲ್ಲದಿರಬಹುದು. ಫೈಲ್ ಕೇಳುವಷ್ಟು ಡೀಸೆಲ್ ಕೊಡುವ ತಾಕತ್ತು ಆ ಪಂಪಿಗೆ ಇಲ್ಲ, ಅಷ್ಟೇ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಗಾಡಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಆಗಬಹುದು. ಗೊತ್ತಿರಲಿ.

ಜಿಪಿಎಸ್ ಹಾಕಿಸಿದ ಗಾಡಿಯಾದರೆ ಇನ್ನೊಂದು ಕಡೆ ಕಣ್ಣು ಹಾಕಿ. ಕೆಲವು ಜಿಪಿಎಸ್‌ಗಳ ಜೊತೆ ಇಂಜಿನ್ ಬಂದ್ ಮಾಡುವ ರಿಲೇ ಕೂರಿಸಿರುತ್ತಾರೆ. ಆ ರಿಲೇ ಸಡಿಲಾದರೆ ಗಾಡಿ ನಡುರಸ್ತೆಯಲ್ಲಿ ಸುಮ್ನೆ ನಿಂತುಬಿಡುತ್ತದೆ, ಎಲ್ಲರೂ ಡೀಸೆಲ್ ಫಿಲ್ಟರ್ ಬಿಚ್ಚುತ್ತಾ ಕೂರುತ್ತಾರೆ.

ಟ್ಯಾಂಕಿನಿಂದ ಫಿಲ್ಟರ್‌ವರೆಗೆ

ನಿಜವಾದ ಕೆಲಸ ಇಲ್ಲಿದೆ, ನಿಧಾನವಾಗಿ ಮಾಡಿ.

ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಬ್ರೀದರ್ (ಟ್ಯಾಂಕ್‌ಗೆ ಗಾಳಿ ಬಿಡುವ ತೂತು) ಕಟ್ಟಿದೆ. ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಬರದಿದ್ದರೆ ಟ್ಯಾಂಕ್ ಒಳಗೇ ಎಳೆತ ಹುಟ್ಟಿ ಪಂಪ್‌ಗೆ ಡೀಸೆಲ್ ಬಿಡುವುದಿಲ್ಲ. ಅದಿರಿನ ಧೂಳು, ಮೇಲೆ ಮಳೆ ನೀರು, ಎರಡೂ ಸೇರಿ ಬ್ರೀದರ್ ಬಾಯಿಗೆ ಪ್ಲಾಸ್ಟರ್ ಹಾಕಿಬಿಡುತ್ತವೆ. ಎರಡನೇ ಟ್ಯಾಂಕ್ ಕೂರಿಸಿದ್ದರೆ ಅದಕ್ಕೆ ಬೇರೆ ಬ್ರೀದರ್ ಇದೆಯಾ ಅಂತಲೂ ನೋಡಿ. ಎಷ್ಟೋ ಸಲ ಇರುವುದೇ ಇಲ್ಲ.

ಡೀಸೆಲ್ ಹೇಗಿದೆ ನೋಡಿ. ಫಿಲ್ಟರ್ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಒಣಗಿದ ಗಾಜಿನ ಬಾಟಲಿಗೆ ಹಿಡಿಯಿರಿ, ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನೀರಿದ್ದರೆ ಕೆಳಗೆ ಕೂರುತ್ತದೆ. ಕಂದು ಪುಡಿ ಬಂದರೆ ತುಕ್ಕು ಅಥವಾ ಧೂಳು. ಕಪ್ಪು ಲೋಳೆ ಬಂದರೆ ಟ್ಯಾಂಕ್ ತಳದಲ್ಲಿ ನೀರು ನಿಂತು ಅದರಲ್ಲಿ ಸೂಕ್ಷ್ಮಜೀವಿ ಬೆಳೆದಿದೆ, ಫಿಲ್ಟರ್ ಬದಲಾಯಿಸಿದರೆ ಸಾಲದು, ಟ್ಯಾಂಕ್ ಇಳಿಸಿ ತೊಳೆಯಬೇಕು. ಬಿಸಿಲಿಗೆ ಹೊಳೆಯುವ ಲೋಹದ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಹೈ ಪ್ರೆಶರ್ ಪಂಪ್ ಒಳಗೊಳಗೇ ಸವೆಯುತ್ತಿದೆ, ಆ ಪುಡಿ ರೈಲ್ ಮತ್ತು ಇಂಜೆಕ್ಟರ್‌ಗೆಲ್ಲ ಹರಡುತ್ತದೆ.

ಟ್ರ್ಯಾಕ್ಟರ್‌ಗೆ ಅಂತ ಹೊಲದಲ್ಲಿ ಬ್ಯಾರಲ್‌ನಲ್ಲಿ ಇಟ್ಟ ಡೀಸೆಲ್ಲನ್ನು ಕಾಮನ್ ರೈಲ್ ಗಾಡಿಗೆ ಹಾಕಲೇಬೇಡಿ ಅನ್ನುತ್ತೇನೆ. ಹಗಲು ಕಾದು ರಾತ್ರಿ ತಣಿಯುವ ಅರ್ಧ ಖಾಲಿ ಬ್ಯಾರಲ್‌ನಲ್ಲಿ ತೇವ ಕೂರುತ್ತದೆ. ಹಳೇ ಟ್ರ್ಯಾಕ್ಟರ್ ಅದನ್ನು ತಾಳಿಕೊಳ್ಳುತ್ತದೆ, ನಿಮ್ಮ ಪಂಪ್ ತಾಳುವುದಿಲ್ಲ. ಬಂಕ್ ಮೇಲೇ ಅನುಮಾನ ಇದ್ದರೆ ಡೆನ್ಸಿಟಿ ಚೆಕ್ ಮಾಡಿ ತೋರಿಸಿ ಅಂತ ಕೇಳಿ. ಕೇಳುವ ಹಕ್ಕು ಗ್ರಾಹಕರಿಗೆ ಇದೆ. ಅವರ ದಾಖಲೆಯಲ್ಲಿರುವ ಅಂಕಿಗೂ ಅಳತೆಗೂ 15 ಡಿಗ್ರಿ ಲೆಕ್ಕದಲ್ಲಿ 3 ಪಾಯಿಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಅಂದರೆ ಘನ ಮೀಟರ್‌ಗೆ 3 ಕೆಜಿ.

ಈಗ ಹ್ಯಾಂಡ್ ಪ್ರೈಮರ್ (ಡೀಸೆಲ್ ಲೈನಿನಲ್ಲಿ ಕೈಯಿಂದ ಒತ್ತುವ ಸಣ್ಣ ಪಂಪ್) ಒತ್ತಿ. ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಪ್ರೈಮರ್ ವಾಲ್ವೇ ಹೋಗಿದೆ. ಒತ್ತಿದ ಮೇಲೆ ಉಬ್ಬದೆ ಚಪ್ಪಟೆಯಾಗಿಯೇ ಉಳಿದರೆ ಹಿಂದೆ ಕಟ್ಟಿಕೊಂಡಿದೆ.

ಗಾಳಿ ಎಳೆಯುವ ಜಾಗ ಹುಡುಕುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಡೀಸೆಲ್ ಸೋರಿದ ಗುರುತು ಹುಡುಕುತ್ತಾರೆ. ಟ್ಯಾಂಕ್‌ನಲ್ಲಿ ಪಂಪ್ ಇಲ್ಲದ ಗಾಡಿಗಳಲ್ಲಿ ಮುಂದಿನ ಪಂಪೇ ಡೀಸೆಲ್ಲನ್ನು ಹೀರಿಕೊಳ್ಳುತ್ತದೆ. ಪೈಪ್‌ನಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ತೂತಿರುವ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಹೊರಗೆ ಒಣಗಿದೆ ಅಂತ ನಂಬಬೇಡಿ. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಡೀಸೆಲ್ ಹೋಸ್ ತಾತ್ಕಾಲಿಕವಾಗಿ ಹಾಕಿ. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಗುಳ್ಳೆ ಬಂದರೆ ಪರವಾಗಿಲ್ಲ. ಆಮೇಲೂ ಸಾಲಾಗಿ ಬರುತ್ತಲೇ ಇದ್ದರೆ, ಅಥವಾ 2500 ಆರ್‌ಪಿಎಂಗೆ ಏರಿಸಿದಾಗ ಜಾಸ್ತಿಯಾದರೆ, ಗಾಳಿ ಹೋಗುತ್ತಿದೆ. ಆಗ ಒಂದೊಂದೇ ಜಾಯಿಂಟ್ ನೋಡಿ. ಎರಡನೇ ಟ್ಯಾಂಕ್‌ನ ಟೀ ಜಾಯಿಂಟ್, ಬ್ಯಾಂಜೋ ಬೋಲ್ಟ್ (ನಡುವೆ ತೂತಿದ್ದು ಡೀಸೆಲ್ ಹಾಯುವ ಬೋಲ್ಟ್) ಕೆಳಗಿನ ತಾಮ್ರದ ವಾಷರ್, ಪ್ಲಾಸ್ಟಿಕ್ ಕಪ್ಲಿಂಗ್ ಮೇಲೆ ಬಿಗಿದ ಸ್ಕ್ರೂ ಕ್ಲಿಪ್, ಹೆಚ್ಚುವರಿ ಫಿಲ್ಟರ್‌ನ ಓ ರಿಂಗ್. ಇವುಗಳನ್ನು ಮೊದಲು ಅನುಮಾನಿಸಿ, ಕಂಪನಿ ಕೂರಿಸಿದ್ದನ್ನು ಆಮೇಲೆ.

ಇಷ್ಟರಲ್ಲಿ ಸಿಗದಿದ್ದರೆ ಕ್ಯಾನ್ ಟೆಸ್ಟ್ ಮಾಡಿ. ನನ್ನ ಪ್ರಕಾರ ಎಲ್ಲ ಟೆಸ್ಟ್‌ಗಳಲ್ಲಿ ಇದಕ್ಕೇ ಹೆಚ್ಚು ಬೆಲೆ. 5 ಲೀಟರ್ ಕ್ಯಾನ್‌ನಲ್ಲಿ ಹೊಸ ಡೀಸೆಲ್ ತುಂಬಿ, ಹೊಸ ಹೋಸ್‌ನಿಂದ ನೇರ ಫಿಲ್ಟರ್ ಒಳಬಾಯಿಗೆ ಕೊಡಿ. ರಿಟರ್ನ್ ಪೈಪನ್ನೂ ಅದೇ ಕ್ಯಾನ್‌ಗೆ ತಿರುಗಿಸಿ. ಅಂದರೆ ಟ್ಯಾಂಕ್, ಜಾಲರಿ, ಉದ್ದದ ಪೈಪ್ ಎಲ್ಲವನ್ನೂ ಲೈನಿನಿಂದ ಹೊರಗಿಟ್ಟ ಹಾಗಾಯಿತು. ಗಾಡಿ ನಿಂತಲ್ಲೇ ಸ್ಟಾರ್ಟ್ ಮಾಡಿ, ಏರಿಸಿ ಇಳಿಸಿ. ಬೆಳಗಿನ ಸ್ಟಾರ್ಟ್ ತೊಂದರೆ ಇದ್ದರೆ ಹಾಗೇ ರಾತ್ರಿ ಬಿಟ್ಟು ಬೆಳಿಗ್ಗೆ ಸೆಲ್ಫ್ ಹೊಡೆಯಿರಿ. ತೊಂದರೆ ಮಾಯವಾದರೆ ಅದು ಫಿಲ್ಟರ್‌ನ ಹಿಂದೆಯೇ ಇದೆ, ಪಂಪ್ ಮುಟ್ಟಬೇಕಿಲ್ಲ. ಕ್ಯಾನ್ ಬಿಸಿ ಸೈಲೆನ್ಸರ್‌ನಿಂದ ದೂರ ಇರಲಿ. ಅದನ್ನು ಕಟ್ಟಿಕೊಂಡು ರಸ್ತೆಗೆ ಇಳಿಯಬೇಡಿ.

ಫಿಲ್ಟರ್ ಬದಲಾಯಿಸುವಾಗ ಬಹಳ ಜನ ಹೊಸ ಫಿಲ್ಟರ್‌ನ ನಡುವಿನ ತೂತಿಗೆ ಕ್ಯಾನ್‌ನಿಂದ ಡೀಸೆಲ್ ಸುರಿದು ಕೂರಿಸುತ್ತಾರೆ. ಆ ಡೀಸೆಲ್ ಸೋಸದೆ ನೇರ ಪಂಪ್‌ಗೆ ಹೋಗುತ್ತದೆ. ಖಾಲಿ ಕೂರಿಸಿ, ಪ್ರೈಮರ್‌ನಿಂದ ತುಂಬಿಸಿ. ಕೈ ನೋಯುತ್ತದೆ, ನೋಯಲಿ.

ಬೇಸಿಗೆಗೆ ಒಂದು ಮಾತು. ರಾಯಚೂರಿನ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಟ್ಯಾಂಕ್ ತಳ ಮುಟ್ಟಿಸಿ ಓಡಿಸಿದರೆ ಇಂಜಿನ್‌ನಿಂದ ವಾಪಸ್ ಬರುವ ಬಿಸಿ ಡೀಸೆಲ್ಲೇ ತಿರುತಿರುಗಿ ಹೋಗುತ್ತದೆ. ಡೀಸೆಲ್ ಕಾದಷ್ಟೂ ತೆಳ್ಳಗಾಗುತ್ತದೆ, ಸವೆದ ಪಂಪ್ ಒಳಗೇ ಸೋರಿಕೆ ಜಾಸ್ತಿಯಾಗುತ್ತದೆ. ಮಧ್ಯಾಹ್ನ ಮಾತ್ರ ತೊಂದರೆ, ಸಂಜೆ ಸರಿ ಅನ್ನುವ ಗಾಡಿಯನ್ನು ಅರ್ಧ ಟ್ಯಾಂಕ್ ತುಂಬಿಸಿ ಓಡಿಸಿ ನೋಡಿ. ಫರಕ್ ಕಂಡರೆ ಪಂಪ್ ಅಥವಾ ಇಂಜೆಕ್ಟರ್ ಸವೆತದ ಕಡೆಗೆ ಒಂದು ಸುಳಿವು ಸಿಕ್ಕಿತು.

ಸ್ಕ್ಯಾನರ್ ಹಾಕಿ

ಹಿಂದಿನದೆಲ್ಲ ಸರಿ ಇದೆ ಅಂತಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಅಗ್ಗದ ಇಎಲ್‌ಎಂ 327 ಬ್ಲೂಟೂತ್ ಅಡಾಪ್ಟರ್ ಹೊಸ ಗಾಡಿಗಳಲ್ಲಿ ರೈಲ್ ಪ್ರೆಶರ್ ತೋರಿಸುತ್ತದೆ, ಆದರೆ ಕಂಪ್ಯೂಟರ್ ಎಷ್ಟು ಕೇಳುತ್ತಿದೆ ಅನ್ನುವುದನ್ನು ಎಷ್ಟೋ ಗಾಡಿಗಳಲ್ಲಿ ತೋರಿಸುವುದಿಲ್ಲ. ನಮಗೆ ಬೇಕಾದದ್ದು ಎರಡೂ ಅಂಕಿ, ಅಂದರೆ ಕೇಳಿದ್ದು ಮತ್ತು ಸಿಕ್ಕಿದ್ದು. ಅದಕ್ಕೆ ಒಳ್ಳೆಯ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಕೀ ಆನ್, ಇಂಜಿನ್ ಆಫ್ ಇದ್ದಾಗ ಒತ್ತಡ ಸೊನ್ನೆಯ ಹತ್ತಿರ ಇರಬೇಕು. ಗಂಟೆಗಟ್ಟಲೆ ನಿಂತ ಗಾಡಿ 40, 50 ಬಾರ್ ತೋರಿಸಿದರೆ ಸೆನ್ಸರ್ ಅಥವಾ ವೈರಿಂಗ್ ಸುಳ್ಳು ಹೇಳುತ್ತಿದೆ. ಸೆಲ್ಫ್ ಹೊಡೆಯುವಾಗ ಸುಮಾರು 200 ಬಾರ್ ಮುಟ್ಟದಿದ್ದರೆ ಬಹಳಷ್ಟು ಗಾಡಿಗಳಲ್ಲಿ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದೇ ಇಲ್ಲ. ಬಿಸಿ ಇಂಜಿನ್ ಐಡಲ್‌ನಲ್ಲಿ 250ರಿಂದ 350 ಬಾರ್ ಮಾಮೂಲು. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ.

ಆಮೇಲೆ ಲೋಡ್ ಟೆಸ್ಟ್. ಓಡಿಸುವವರು ಒಬ್ಬರು, ಸ್ಕ್ಯಾನರ್ ನೋಡುವವರು ಇನ್ನೊಬ್ಬರು. ಖಾಲಿ ರಸ್ತೆ ನೋಡಿ ಮೂರನೇ ಗೇರ್‌ನಲ್ಲಿ 1500 ಆರ್‌ಪಿಎಂನಿಂದ ಪೂರ್ತಿ ತುಳಿಯಿರಿ. ಸಂಡೂರಿನ ಏರು ಹತ್ತಿರ ಇದ್ದವರಿಗೆ ಸುಲಭ. ಸಿಂಧನೂರಿನ ಮಟ್ಟಸ ನೆಲದವರು ಲೋಡ್ ಹಾಕಿಕೊಂಡೇ ಹೋಗಬೇಕು. ಕೇಳಿದ್ದು ಏರುತ್ತಾ ಹೋಗಿ ಸಿಕ್ಕಿದ್ದು ಹಿಂದೆ ಬಿದ್ದರೆ ಪಿ 0087 ಕೋಡ್ ಬರುತ್ತದೆ, ಒತ್ತಡ ಕಡಿಮೆ ಅಂತ. ಆದರೆ ಆ ಕೋಡ್ ಪಂಪ್ ಹೋಗಿದೆ ಅಂತ ಹೇಳುವುದಿಲ್ಲ. ಫಿಲ್ಟರ್ ಕಟ್ಟಿದರೂ ಅದೇ ಕೋಡ್, ಇಂಜೆಕ್ಟರ್ ಸೋರಿದರೂ ಅದೇ ಕೋಡ್. ಪಿ 0088 ಬಂದರೆ ಒತ್ತಡ ಜಾಸ್ತಿ. ಟ್ಯೂನ್ ಮಾಡಿದ ಗಾಡಿಯಾದರೆ ಟ್ಯೂನರ್‌ಗೆ ಫೋನ್ ಮಾಡಿ, ಜೊತೆಗೆ ಪಂಪ್ ಮೇಲಿನ ಮೀಟರಿಂಗ್ ವಾಲ್ವ್ (ಪಂಪ್‌ಗೆ ಎಷ್ಟು ಡೀಸೆಲ್ ಬಿಡಬೇಕು ಅಂತ ನಿಯಂತ್ರಿಸುವುದು) ಸಿಕ್ಕಿಕೊಂಡಿದೆಯಾ ನೋಡಿಸಿ. ಆ ವಾಲ್ವ್‌ನ ಕನೆಕ್ಟರ್ ಕಿತ್ತು ಟೆಸ್ಟ್ ಮಾಡುವ ಚಾಳಿ ಬೇಡ. ಎಷ್ಟೋ ಪಂಪ್‌ಗಳಲ್ಲಿ ಕನೆಕ್ಟರ್ ಕಿತ್ತರೆ ವಾಲ್ವ್ ಪೂರ್ತಿ ತೆರೆದು ಒತ್ತಡ ಮೇಲೆ ಹಾರುತ್ತದೆ.

ಟ್ಯಾಂಕ್‌ನಲ್ಲಿ ಎಲೆಕ್ಟ್ರಿಕ್ ಪಂಪ್ ಇದ್ದರೆ, ಅಥವಾ ನೀವೇ ಹಾಕಿಸಿದ್ದರೆ, ಅದು ಓಡುವಾಗ ಅದರ ಕನೆಕ್ಟರ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಡಿಮೆ ಇದ್ದರೆ ವೈರ್ ಸಣ್ಣದು ಅಥವಾ ಅರ್ತ್ ತುಕ್ಕು ಹಿಡಿದಿದೆ.

ರಿಟರ್ನ್ ಬಾಟಲಿ ಟೆಸ್ಟ್

ಇಂಜೆಕ್ಟರ್‌ಗಳ ಸರದಿ ಈಗ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ಬಿಚ್ಚಿ, ಒಂದೊಂದಕ್ಕೂ ಸಣ್ಣ ಹೋಸ್ ಹಾಕಿ ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಡಿ. ಬಿಚ್ಚಿದ ರಿಟರ್ನ್ ಪೈಪಿನ ಬಾಯಿಯನ್ನು ಮುಚ್ಚಿ. ಬಿಸಿ ಇಂಜಿನ್ ಕೆಲವು ನಿಮಿಷ ಐಡಲ್‌ನಲ್ಲಿ ಓಡಲಿ. ನಾಲ್ಕೂ ಹೆಚ್ಚುಕಡಿಮೆ ಸಮ ಬಂದರೆ ಅಷ್ಟರ ಮಟ್ಟಿಗೆ ನೆಮ್ಮದಿ. ಒಂದು ಬಾಟಲಿ ಉಳಿದವುಗಳ ಎರಡು, ಮೂರು ಪಟ್ಟು ತುಂಬಿದರೆ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ, ಪಂಪ್ ಕಟ್ಟಿದ ಒತ್ತಡವನ್ನೆಲ್ಲ ಅದು ವಾಪಸ್ ಬಿಡುತ್ತಿದೆ. ಸ್ಟಾರ್ಟೇ ಆಗದ ಗಾಡಿಯಲ್ಲಿ ಸೆಲ್ಫ್ ಹೊಡೆಸಿಯೂ ಇದನ್ನು ಮಾಡಬಹುದು. ಪೀಜೋ ಇಂಜೆಕ್ಟರ್ (ಕಾಯಿಲ್ ಬದಲು ಪೀಜೋ ಹರಳಿನಿಂದ ತೆರೆಯುವುದು) ಇರುವ ಗಾಡಿಗೆ ಮಾತ್ರ ಹೀಗೆ ಮಾಡಬೇಡಿ. ಅವುಗಳ ರಿಟರ್ನ್ ಲೈನ್‌ನಲ್ಲಿ ಸ್ವಲ್ಪ ಒತ್ತಡ ಇರಲೇಬೇಕು, ಇಲ್ಲದಿದ್ದರೆ ಅವು ಕೆಲಸ ಮಾಡುವುದಿಲ್ಲ.

ಹಳೇ ಮೆಕ್ಯಾನಿಕಲ್ ಪಂಪ್ ಗಾಡಿ

ಇಲ್ಲಿ ಕಂಪ್ಯೂಟರ್ ಇಲ್ಲ, ಕೆಲಸ ಸಲೀಸು. ಐಡಲ್‌ನಲ್ಲಿ ಒಂದೊಂದೇ ನಾಜಲ್ ಪೈಪ್ ನಟ್ಟನ್ನು ಸ್ವಲ್ಪ ಸಡಿಲಿಸಿ ಇಂಜಿನ್ ಸದ್ದು ಬದಲಾಗುತ್ತದಾ ಅಂತ ಕೇಳುವ ಹಳೇ ವಿದ್ಯೆ ಈ ಗಾಡಿಗಳಿಗೆ ಮಾತ್ರ. ಇಲ್ಲೂ ಚಿಮ್ಮುವ ಡೀಸೆಲ್‌ಗೆ ಕೈ, ಮುಖ ಒಡ್ಡಬೇಡಿ, ಸ್ಪ್ಯಾನರ್ ಮೇಲೆ ಬಟ್ಟೆ ಸುತ್ತಿ. ಸಡಿಲಿಸಿದಾಗ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿದೆ. ಮಾಡಿಫೈ ಅಂದರೆ ಇವುಗಳಲ್ಲಿ ಪಂಪ್ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟಿರುವುದು. ಡೀಸೆಲ್ ಜಾಸ್ತಿ ಬಿಟ್ಟರೂ ಫೀಡ್ ಪಂಪ್ (ಟ್ಯಾಂಕ್‌ನಿಂದ ಡೀಸೆಲ್ ತರುವ ಸಣ್ಣ ಪಂಪ್) ಹಳೆಯದೇ ಇರುತ್ತದೆ, ಅದಕ್ಕೆ ಲೋಡ್‌ನಲ್ಲಿ ಸಾಲುವುದಿಲ್ಲ. ಇನ್‌ಲೈನ್ ಪಂಪ್ (ಪ್ರತಿ ಸಿಲಿಂಡರ್‌ಗೂ ಸಾಲಾಗಿ ಒಂದೊಂದು ಪ್ಲಂಜರ್ ಇರುವುದು) ಆದರೆ ಓವರ್‌ಫ್ಲೋ ವಾಲ್ವ್ ಸ್ಪ್ರಿಂಗ್ ಮೆತ್ತಗಾಗಿದ್ದರೂ ಇದೇ ಲಕ್ಷಣ. ಸಣ್ಣ ಸಾಮಾನು, ಮೊದಲು ಅದನ್ನು ಬದಲಾಯಿಸಿ.

ಇಷ್ಟೆಲ್ಲ ಆದ ಮೇಲೂ ಪಂಪ್ ಅಥವಾ ಇಂಜೆಕ್ಟರ್ ಬಿಚ್ಚಲೇಬೇಕು ಅಂತಾದರೆ ಟೆಸ್ಟ್ ಬೆಂಚ್ ಇರುವ ಅಂಗಡಿಗೇ ಕೊಡಿ. ನಿಮ್ಮ ಸ್ಕ್ಯಾನರ್ ಅಂಕಿ, ಬಾಟಲಿ ಅಳತೆಯ ಫೋಟೊ ಜೊತೆಗೆ ಕೊಡಿ. ಕೆಲಸಕ್ಕೆ ಮೊದಲಿನ ರಿಪೋರ್ಟ್ ಒಂದು, ಮುಗಿದ ಮೇಲಿನದು ಒಂದು, ಎರಡನ್ನೂ ಪ್ರಿಂಟ್ ಕೇಳಿ. ಬಿಚ್ಚಿದ ಇಂಜೆಕ್ಟರ್‌ಗಳ ಮೇಲೆ ಸಿಲಿಂಡರ್ ನಂಬರ್ ಗುರುತು ಹಾಕಿ. ಹೊಸ ಇಂಜೆಕ್ಟರ್ ಹಾಕಿಸಿದರೆ ಅದರ ತಲೆ ಮೇಲಿನ ಕೋಡನ್ನು ಕೂರಿಸುವ ಮೊದಲೇ ಫೋಟೊ ತೆಗೆದಿಡಿ, ಯಾಕೆಂದರೆ ಕೂರಿಸಿದ ಮೇಲೆ ಕೆಲವು ಗಾಡಿಗಳಲ್ಲಿ ಅದು ಕಾಣುವುದೇ ಇಲ್ಲ. ಆ ಕೋಡನ್ನು ಸ್ಕ್ಯಾನರ್‌ನಿಂದ ಕಂಪ್ಯೂಟರ್‌ಗೆ ಬರೆಸಿದ ಮೇಲೆಯೇ ಗಾಡಿ ತೆಗೆದುಕೊಳ್ಳಿ. ಬರೆಸದಿದ್ದರೆ ಐಡಲ್‌ನಲ್ಲಿ ನಡುಗುವುದು, ಟಕಟಕ ಸದ್ದು, ಹೊಗೆ ಬರಬಹುದು, ಆಗ ಮತ್ತೆ "ನಾಜಲ್ ಸರಿ ಇಲ್ಲ" ಅನ್ನುವ ಮಾತು ಶುರುವಾಗುತ್ತದೆ. ಟ್ಯೂನಿಂಗ್ ಬಾಕ್ಸ್ ಏನಾದರೂ ವಾಪಸ್ ಹಾಕುವ ಆಸೆ ಇದ್ದರೆ, ಅದಿಲ್ಲದೆ ಲೋಡ್ ಟೆಸ್ಟ್ ಪಾಸಾದ ಅಂಕಿಗಳನ್ನು ಬರೆದಿಟ್ಟುಕೊಂಡು ಆಮೇಲೆ ಹಾಕಿ.